ಗುತ್ತಿನ ಮನೆಯ ಬೇಸಾಯ ಪ್ರದರ್ಶನದಲ್ಲಿ ಜೀತವಿಮೋಚನೆಯ ಸ್ಮರಣೆ ಹೇಗಿರಬೇಕು?

ಪ್ರಶ್ನೆ (ಬ್ರಹ್ಮಾವರ)

ಮಾನ್ಯರೇ, ನಮ್ಮ ಕುಟುಂಬದ ಗುತ್ತಿನ ಮನೆಯನ್ನೂ (ತುಳುನಾಡಿನ ಭೂಮಾಲಿಕ ಮನೆತನದ ದೊಡ್ಡ ಮನೆ) ಬೈಲುಗದ್ದೆಯನ್ನೂ ಹಿಂದಿನ ಕಾಲದ ಬೇಸಾಯವನ್ನು ಶಾಲಾಮಕ್ಕಳು ಕಣ್ಣಾರೆ ಕಾಣುವಂತೆ ಸಜ್ಜುಗೊಳಿಸಿದ್ದೇವೆ. ಕೋಣಗಳ ಉಳುಮೆ, ನೇಜಿ (ಭತ್ತದ ಸಸಿ) ನೆಡುವುದು, ಪಡಿಮಂಚಕ್ಕೆ ಪೈರು ಬಡಿಯುವುದು, ಅಕ್ಕಿ ಮುಡಿ ಕಟ್ಟುವುದು ಎಲ್ಲವೂ ಇವೆ. ಆದರೆ ತಲೆಮಾರುಗಳ ಕಾಲ ಈ ಕೆಲಸಗಳನ್ನು ಮಾಡಿದ ಮೂಲದಾಳುಗಳ, ಎಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಕಟ್ಟುಬಿದ್ದ ಆಳುಗಳ, ಪ್ರಸ್ತಾಪವೇ ಇಲ್ಲ. ಅಮೆರಿಕದಲ್ಲಿ ಇಂತಹ ಕೆಲವು ಕೃಷಿಕ್ಷೇತ್ರಗಳು, 1865ರ ಜೂನ್ 19ರಂದು ಟೆಕ್ಸಾಸಿನ ಗಾಲ್ವೆಸ್ಟನ್ನಿನಲ್ಲಿ ಗುಲಾಮರ ಬಿಡುಗಡೆಯ ಆಜ್ಞೆ ಸಾರಿದ್ದನ್ನು ಸ್ಮರಿಸುತ್ತವೆ. ನಾವು ಯಾವ ದಿನ, ಹೇಗೆ ಆಚರಿಸಬೇಕು?

ಉತ್ತರ 1 (ಮಂಗಳೂರು)

ಗುಲಾಮಗಿರಿ ಕುರಿತ ಬ್ರಿಟಿಷರ ಕಾಲದ 1843ರ ಏಪ್ರಿಲ್ 7ರ ಕಾಯಿದೆಯನ್ನು ಹಲವರು ಸೂಚಿಸಬಹುದು. ಆದರೆ ಅದು ಗುಲಾಮರ ಮೇಲಿನ ಹಕ್ಕನ್ನು ನ್ಯಾಯಾಲಯಗಳು ಎತ್ತಿಹಿಡಿಯಬಾರದೆಂದೂ ಕಂದಾಯದ ಬಾಕಿಗಾಗಿ ಅಧಿಕಾರಿಗಳು ಅವರನ್ನು ಮಾರಬಾರದೆಂದೂ ಹೇಳಿತೇ ಹೊರತು ಗುಲಾಮರನ್ನು ಇಟ್ಟುಕೊಳ್ಳುವುದನ್ನು ಅಪರಾಧವೆಂದು ಸಾರಲಿಲ್ಲ. ಮನುಷ್ಯರನ್ನು ಗುಲಾಮರೆಂದು ಕೊಳ್ಳುವುದೂ ಮಾರುವುದೂ ಶಿಕ್ಷಾರ್ಹವಾದದ್ದು 1862ರಲ್ಲಿ ದಂಡಸಂಹಿತೆ ಜಾರಿಗೆ ಬಂದ ಮೇಲೆ. ಅನಂತರವೂ ಮದುವೆಗೋ ಕಾಯಿಲೆಗೋ ಪಡೆದ ಸಾಲ ಅವರನ್ನು ಅದೇ ಗದ್ದೆಗೆ ಕಟ್ಟಿಹಾಕಿತು. ಆದ್ದರಿಂದ ಜೀತದಾಳುಗಳ ಬಿಡುಗಡೆಯೊಂದಿಗೆ ಅವರ ಸಾಲವನ್ನೂ ಅಳಿಸಿಹಾಕಿದ ಕಾನೂನು ಜಾರಿಗೆ ಬಂದ 1975ರ ಅಕ್ಟೋಬರ್ 25 ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ. ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಿನ ಹೊತ್ತೂ ಅದೇ.

ಉತ್ತರ 2 (ಉಡುಪಿ)

ನನ್ನ ಆತಂಕವಿರುವುದು ವಿಧಾನದ ಬಗ್ಗೆ. ಮಕ್ಕಳಿಂದ ಧಣಿ ಮತ್ತು ಆಳಿನ ಪಾತ್ರ ಮಾಡಿಸಬೇಡಿ. ಮೆರುಗಿಗೆಂದು ಕೊರಗ ಸಮುದಾಯದವರನ್ನು ಕರೆಸಿ ಡೋಲು ಬಾರಿಸಿಸುವ ಯೋಚನೆಯಿದ್ದರೆ ಅದನ್ನೂ ಕೈಬಿಡಿ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವ, ಕಂಬಳಕ್ಕೆ ಮೊದಲು ಅವರನ್ನು ಕೋಣಗಳಂತೆ ಓಡಿಸುವ ಅಜಲು ಪದ್ಧತಿಯನ್ನು ತಡೆಯಲು 2000ದಷ್ಟು ಈಚೆಗೆ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಅವರು ತಮ್ಮ ವೇದಿಕೆಯಲ್ಲಿ ತಾವಾಗಿ ಬಾರಿಸುವುದು ಬೇರೆ, ಗುತ್ತಿನ ಅಂಗಳಕ್ಕೆ ಕರೆಸಿಕೊಳ್ಳುವುದು ಬೇರೆ.

ಉತ್ತರ 3 (ಮೂಲ್ಕಿ)

ನಮ್ಮ ಹಿರಿಯರು ಇಂತಹದೇ ಮನೆಯೊಂದರ ಮೂಲದಾಳುಗಳು. ಅಜ್ಜಿ ದಿನದ ಪಡಿಯ ಭತ್ತವನ್ನು ಅಂಗಳದ ಅಂಚಿನಲ್ಲಿ ನಿಂತು ಸೆರಗಿಗೆ ಹೊಯ್ಯಿಸಿಕೊಳ್ಳುತ್ತಿದ್ದರು, ಚಾವಡಿಯ ಮೆಟ್ಟಿಲನ್ನು ಒಮ್ಮೆಯೂ ಏರಲಿಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಗದ್ದೆ ದೊರೆಯಿತು, ಗೇಣಿಚೀಟಿಯಿಲ್ಲದ ನಮ್ಮವರಿಗೆ ಗುಡಿಸಲಿನ ಅಡಿಯ ನೆಲವಷ್ಟೇ ಉಳಿಯಿತು. ಇದನ್ನೂ ಮಕ್ಕಳಿಗೆ ಹೇಳಿ. ನಿಮ್ಮ ಮನೆಯ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಆಳುಗಳ ಸಾಲ, ಪಡಿ ಬರೆದ ಪುಟಗಳಿದ್ದರೆ ಮೊದಲು ಆ ಕುಟುಂಬಗಳಿಗೆ ತೋರಿಸಿ, ಅವರು ಒಪ್ಪಿದರೆ ಹೆಸರುಗಳನ್ನು ಚಾವಡಿಯ ಗೋಡೆಯಲ್ಲಿಯೇ ಬರೆಯಿಸಿ. ಕಾರ್ಯಕ್ರಮದ ಸಮಿತಿಯಲ್ಲಿಯೂ ಅವರೇ ಇರಲಿ.