ಆ ರಿಡ್ಜ್ ದಾರಿ ನಮಗೆ ಬೇಡ, ಚಿಕ್ಕಪ್ಪ

ಚಿಕ್ಕಪ್ಪ: ಎಲ್ಲರೂ ಈ ವಿಡಿಯೊ ನೋಡಿ. ಸ್ವಿಟ್ಜರ್ಲೆಂಡಿನ ಹಾರ್ಡರ್‌ಗ್ರಾಟ್, ಬೆಟ್ಟದ ಬೆನ್ನಿನ ಮೇಲೇ ನಡೆಯುವ ದಾರಿ. ಜೂನ್‌ನಲ್ಲಿ ನಾವು ಉಳಿಯುವುದು ಇಂಟರ್‌ಲಾಕನ್‌ನಲ್ಲಿ, ಇದು ಊರಿನ ತಲೆ ಮೇಲೇ ಇದೆ. ಕೆಳಗೆ ಕೆರೆಯ ನೀರು ನೋಡಿ, ಎಂಥ ಬಣ್ಣ! ಸುಲಭದ ದಾರಿ, ಯಾರು ಬೇಕಾದರೂ ಹೋಗಬಹುದು ಅಂತ ಬರೆದಿದ್ದಾರೆ. ನಮ್ಮ ಗ್ರೂಪಿನಲ್ಲಿ ಪಿನ್ ಮಾಡಿದ್ದೇನೆ.

ಪುಟ್ಟ: ಸೂಪರ್ ಅಪ್ಪ. ಹಾರ್ಡರ್ ಕುಲ್ಮ್ ತನಕ ರೈಲೇ ಇದೆ. ಅಲ್ಲಿಂದ ನಡೆದು ಬ್ರೀನ್ಸರ್ ರೋಟ್‌ಹಾರ್ನ್ ಶಿಖರ ಮುಟ್ಟಿದರೆ ಅಲ್ಲಿಂದಲೂ ಇಳಿಯೋಕೆ ರೈಲು. ಒಂದೇ ದಿನದಲ್ಲಿ ಮುಗಿಯುತ್ತದೆ.

ಅಕ್ಕ: ಆ ಹುಡುಗಿ ನಡೆಯುತ್ತಿರುವ ಜಾಗ ನೋಡಿಯೇ ನನಗೆ ಅಂಗಾಲು ಜುಂ ಅಂತು.

ನಾನು: ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದನ್ನು ಪಿನ್‌ನಿಂದ ತೆಗೆಯಿರಿ. ವಿಡಿಯೊ ಇರುವುದು ನಲವತ್ತು ಸೆಕೆಂಡು. ಆ ದಾರಿ ಇರುವುದು ಇಡೀ ದಿನ. ಔಗ್ಸ್ಟ್‌ಮಟ್‌ಹಾರ್ನ್ ಶಿಖರದ ಆಚೆ ಟಾನ್‌ಹಾರ್ನ್ ಶಿಖರದ ಕಡೆ ಹೋದಂತೆ ಬೆಟ್ಟದ ಬೆನ್ನು ಕಿರಿದಾಗುತ್ತಾ ಹೋಗುತ್ತದೆ, ಎರಡೂ ಕಡೆ ಹುಲ್ಲಿನ ಇಳಿಜಾರು, ಹಿಡಿದುಕೊಳ್ಳೋಕೆ ಏನೂ ಇಲ್ಲ. ಅಲ್ಲಿ ಜಾರಿ ಬಿದ್ದು ಜನ ಸತ್ತಿದ್ದಾರೆ. ಸ್ವಿಸ್ ಆಲ್ಪೈನ್ ಕ್ಲಬ್‌ನವರ ಲೆಕ್ಕದಲ್ಲಿ ಟಿ1 ಅಂದರೆ ಸುಲಭದ ನಡಿಗೆ, ಟಿ6 ಅಂದರೆ ಅತಿ ಕಷ್ಟ. ಈ ದಾರಿಗೆ ಸಾಮಾನ್ಯವಾಗಿ ಕೊಡುವ ದರ್ಜೆ ಟಿ5.

ಪುಟ್ಟ: ಅಣ್ಣ, ವಿಡಿಯೊದಲ್ಲಿ ಅವರು ಮಾಮೂಲಿ ಶೂ ಹಾಕಿಕೊಂಡು ಓಡುತ್ತಿದ್ದಾರಲ್ಲ.

ನಾನು: ಒಣಗಿದ ಹುಲ್ಲಿನ ಮೇಲೆ, ಮೋಡ ಇಲ್ಲದ ದಿನ, ಅಭ್ಯಾಸ ಇರುವವರು ಓಡುತ್ತಾರೆ ಪುಟ್ಟ. ಒದ್ದೆ ಹುಲ್ಲಿನಲ್ಲಿ ಅದೇ ದಾರಿ ಬೇರೆಯದೇ ದಾರಿ. ರಾತ್ರಿ ಮಳೆ ಬಂದರೂ ಬೆಳಿಗ್ಗೆ ಕಥೆ ಮುಗಿಯಿತು. ಇನ್ನು ಮಧ್ಯಾಹ್ನದ ಮೇಲೆ ಗುಡುಗು ಬಂದರೆ ಆ ಬೆನ್ನಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ಅಂದರೆ ನೀನೇ. ಪಕ್ಕಕ್ಕೆ ಇಳಿದು ತಪ್ಪಿಸಿಕೊಳ್ಳುವ ಜಾಗಗಳೂ ಕಡಿಮೆ. ರೋಟ್‌ಹಾರ್ನ್‌ನ ಕೊನೆಯ ರೈಲು ತಪ್ಪಿತು ಅಂದುಕೋ, ದಣಿದ ಕಾಲಿನಲ್ಲೇ ಕೆಳಗಿನ ಬ್ರೀನ್ಸ್ ಊರಿನ ತನಕ ಸುಮಾರು 1700 ಮೀಟರ್ ಇಳಿತ.

ಚಿಕ್ಕಪ್ಪ: ನೀನು ಶುರುವಿನಲ್ಲೇ ಹೆದರಿಸುತ್ತೀಯ ಕಣೋ. ಅಷ್ಟು ದೂರ ಹೋಗಿ ಕೇಬಲ್ ಕಾರ್ ಹತ್ತಿ, ಫೋಟೊ ತೆಗೆದು ಬರೋಕೆ ನನಗೆ ಇಷ್ಟ ಇಲ್ಲ. ಒಂದು ಶಿಖರದ ಮೇಲೆ ನಾನು ನಡೆದು ನಿಲ್ಲಬೇಕು. ಅರವತ್ತೆರಡು ಆಯಿತು ನನಗೆ, ಇನ್ನು ಯಾವಾಗ? ಏನಾದರೂ ಆದರೆ ಹೆಲಿಕಾಪ್ಟರ್ ಬರುತ್ತದಲ್ಲ ಅಲ್ಲಿ.

ಭಾವ: ಮಾವ, ಹೆಲಿಕಾಪ್ಟರ್‌ನಲ್ಲಿ ಬಂದು ಕಾಪಾಡುವ ರೆಗಾದವರ ನಂಬರ್ 1414. ಎಲ್ಲರೂ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಆದರೆ ದಟ್ಟ ಮಂಜು ಕವಿದರೆ ಅವರಿಗೂ ಹಾರೋಕೆ ಆಗುವುದಿಲ್ಲ. ನಾವು ಸಿಕ್ಕಿಹಾಕಿಕೊಳ್ಳುವುದು ಅಂಥ ದಿನವೇ.

ನಾನು: ಚಿಕ್ಕಪ್ಪ, ನೀವು ಶಿಖರ ಹತ್ತಬಾರದು ಅಂತ ನಾನು ಹೇಳುತ್ತಿಲ್ಲ. ಹತ್ತಲೇಬೇಕು. ಯಾವುದು ಅನ್ನುವುದಷ್ಟೇ ಮಾತು. ಭಾವ, ನಮ್ಮ ಫೌಲ್‌ಹಾರ್ನ್ ಶಿಖರದ ವಿಷಯ ಹೇಳಲಾ?

ಭಾವ: ಹೇಳು.

ಅಕ್ಕ: ಯಾವ ವಿಷಯ? ಇವರು ನನಗೆ ಏನೂ ಹೇಳಿಲ್ಲ.

ನಾನು: ಎರಡು ವರ್ಷದ ಹಿಂದೆ, ಜೂನ್ ಮೊದಲ ವಾರ, ನಾನು ಮತ್ತು ಭಾವ ಗ್ರಿಂಡಲ್‌ವಾಲ್ಡ್ ಊರಿನಿಂದ ಮೇಲೆ ಫರ್ಸ್ಟ್ ಅನ್ನುವ ಜಾಗಕ್ಕೆ ಹೋಗಿ ಅಲ್ಲಿಂದ ನಡೆದೆವು. ಬಾಖಾಲ್ಪ್‌ಸೇ ಕೆರೆ ತನಕ ಒಂದು ಗಂಟೆ, ದಾರಿ ಚೆನ್ನಾಗಿತ್ತು. ಆಮೇಲೆ ಬಿಳಿ-ಕೆಂಪು-ಬಿಳಿ ಗುರುತು ಹಿಡಿದು ಮೇಲೆ ಹೊರಟೆವು. ಸ್ವಲ್ಪ ಹೊತ್ತಿಗೆ ದಾರಿಗೆ ಅಡ್ಡಲಾಗಿ ಹಳೆಯ ಹಿಮ. ಮೂವತ್ತು ಹೆಜ್ಜೆ ಅಗಲ ಇರಬಹುದು, ಅಷ್ಟೇ. ಯಾರದೋ ಹೆಜ್ಜೆ ಗುರುತು ಇತ್ತು, ಅದರಲ್ಲೇ ಕಾಲಿಟ್ಟುಕೊಂಡು ಹೋಗೋಣ ಅಂದೆವು. ಮೇಲೆ ಮೆತ್ತಗೆ ಕಂಡರೂ ಒಳಗೆ ಗಟ್ಟಿ. ನಡುವೆ ನನ್ನ ಎಡಗಾಲು ಹೋಯಿತು. ಪಕ್ಕಕ್ಕೆ ಬಿದ್ದವನು ಹಾಗೇ ಜಾರಿದೆ, ಕೋಲು ಊರಿದರೆ ಅದು ಸುಮ್ನೆ ಗೀರು ಎಳೆಯಿತು. ಬೆರಳು ಮಡಚಿ ಹಿಮದಲ್ಲಿ ಊರಿದೆ, ಉಗುರಿನ ಸಂದಿಗೆಲ್ಲ ಹರಳು ಹೊಕ್ಕಿತು. ಕೆಳಗೆ ಹಿಮ ಮುಗಿದು ಕೆಸರು ಇತ್ತು, ಅಲ್ಲಿ ನಿಂತೆ. ಕೆಸರಿನ ಜಾಗದಲ್ಲಿ ಬಂಡೆ ಇದ್ದಿದ್ದರೆ? ಭಾವ ಮೇಲೆ ನಿಂತು ನನ್ನ ಹೆಸರು ಕೂಗುತ್ತಿದ್ದರು, ನನಗೆ ಉತ್ತರ ಕೊಡೋಕೆ ದನಿಯೇ ಬರಲಿಲ್ಲ. ತುದಿ ಕಣ್ಣಿಗೆ ಕಾಣುತ್ತಿತ್ತು. ಹಾಗೇ ವಾಪಸ್ ಬಂದೆವು. ಅದು ಟಿ5 ಅಲ್ಲ ಚಿಕ್ಕಪ್ಪ, ಬೇಸಿಗೆಯಲ್ಲಿ ಜನ ಆರಾಮಾಗಿ ಹತ್ತುವ ದಾರಿ. ನಾವು ಹೋದ ವಾರ ತಪ್ಪು.

ಅಕ್ಕ: ಎರಡು ವರ್ಷ. ಒಂದು ಮಾತು ಹೇಳಿಲ್ಲ ನೀವಿಬ್ಬರೂ.

ಭಾವ: ತಪ್ಪಾಯಿತು.

ಪುಟ್ಟ: ಅಣ್ಣ, ಆ ಬಿಳಿ-ಕೆಂಪು-ಬಿಳಿ ಅಂದರೆ ಏನು?

ನಾನು: ಕಲ್ಲಿನ ಮೇಲೆ, ಮರದ ಮೇಲೆ ಬಣ್ಣ ಬಳಿದಿರುತ್ತಾರೆ. ಬರೀ ಹಳದಿ ಅಂದರೆ ಸಾಮಾನ್ಯ ನಡಿಗೆ ದಾರಿ. ಬಿಳಿ-ಕೆಂಪು-ಬಿಳಿ ಅಂದರೆ ಬೆಟ್ಟದ ದಾರಿ, ಕಡಿದಾಗಿರುತ್ತದೆ, ಕಾಲು ಗಟ್ಟಿ ಇರಬೇಕು, ತಲೆ ತಿರುಗುವವರಿಗೆ ಆಗುವುದಿಲ್ಲ. ಬಿಳಿ-ನೀಲಿ-ಬಿಳಿ ಕಂಡರೆ ನಾವು ತಿರುಗಿ ಬರುವುದೇ. ಅಲ್ಲಿ ಹಿಮ ದಾಟುವುದು, ಕೈಯೂರಿ ಬಂಡೆ ಹತ್ತುವುದು ಎಲ್ಲ ಇರಬಹುದು. ಇನ್ನೊಂದು ವಿಷಯ, ಅಲ್ಲಿನ ಹಳದಿ ಬೋರ್ಡುಗಳಲ್ಲಿ ಕಿಲೋಮೀಟರ್ ಇರಲ್ಲ, ಗಂಟೆ ಬರೆದಿರುತ್ತಾರೆ. ಅದು ಎಲ್ಲೂ ಕೂರದೆ ಒಂದೇ ಸಮ ನಡೆಯುವ ಲೆಕ್ಕ. ನಮ್ಮ ಮನೆಯವರಿಗೆ ಅದರ ಒಂದೂವರೆ ಪಟ್ಟು ಹಿಡಿಯಬೇಕು.

ಚಿಕ್ಕಮ್ಮ: ನಾನು ಬೆಳಿಗ್ಗೆಯಿಂದ ಓದುತ್ತಾ ಇದ್ದೇನೆ. ನನ್ನ ಮಂಡಿ ಬಗ್ಗೆ ಒಬ್ಬರೂ ಕೇಳಲಿಲ್ಲ. ಹತ್ತುವುದು ಹೇಗೋ ಹತ್ತುತ್ತೇನೆ, ಇಳಿಯುವಾಗ ಪ್ರಾಣ ಹೋಗುತ್ತದೆ. ನಾನು ಹೋಟೆಲ್ ರೂಮಿನಲ್ಲಿ ಕೂರಬೇಕಾ?

ಪುಟ್ಟ: ಇಲ್ಲ ಅಮ್ಮ, ಸಾರಿ. ನಾನು ಯೋಚನೆ ಮಾಡಿರಲಿಲ್ಲ.

ಚಿಕ್ಕಪ್ಪ: ನಿನ್ನನ್ನು ಬಿಟ್ಟು ನಾನು ಎಲ್ಲಿ ಹೋಗಲಿ.

ನಾನು: ಚಿಕ್ಕಮ್ಮ, ನಿಮಗಾಗಿಯೇ ಒಂದು ದಾರಿ ಇದೆ. ಮಾನ್‌ಲಿಖನ್ ತನಕ ಕೇಬಲ್ ಕಾರ್, ಅಲ್ಲಿಂದ ಕ್ಲೈನ ಶೈಡೆಗ್‌ಗೆ ಅಗಲವಾದ ದಾರಿ, ಸುಮಾರು ನಾಲ್ಕೂವರೆ ಕಿಲೋಮೀಟರ್. ಇಳಿತ ಇದೆ, ಆದರೆ ಎಷ್ಟು ನಿಧಾನ ಅಂದರೆ ಗೊತ್ತೇ ಆಗುವುದಿಲ್ಲ. ಮಕ್ಕಳ ಗಾಡಿ ತಳ್ಳಿಕೊಂಡು ಹೋಗುವವರನ್ನು ನೋಡಿದ್ದೇನೆ. ಎದುರಿಗೇ ಐಗರ್, ಮ್ಯೋನ್ಖ್, ಯುಂಗ್‌ಫ್ರೌ ಮೂರೂ ಶಿಖರ. ಐಗರ್ 3967 ಮೀಟರ್, ಗೋಡೆಯಂತೆ ನಿಂತ ಅದರ ಉತ್ತರದ ಮುಖವನ್ನು 1938ರ ತನಕ ಯಾರೂ ಹತ್ತಿರಲಿಲ್ಲ. ಆ ಗೋಡೆಯ ಬುಡಕ್ಕೆ ನೀವು ನಿಮ್ಮ ಕಾಲಿನಲ್ಲೇ ನಡೆದುಕೊಂಡು ಹೋಗುತ್ತೀರಿ. ಶೈಡೆಗ್‌ನಿಂದ ವಾಪಸ್ ರೈಲು ಇದೆ, ಇಳಿಯುವ ತಾಪತ್ರಯ ಇಲ್ಲ.

ಚಿಕ್ಕಮ್ಮ: ನಡುವೆ ಕೂರೋಕೆ ಜಾಗ ಇದೆಯಾ?

ನಾನು: ಬೆಂಚುಗಳಿವೆ. ಎಷ್ಟು ಹೊತ್ತು ಬೇಕಾದರೂ ಕೂರಿ.

ಚಿಕ್ಕಪ್ಪ: ಸರಿ, ಅದು ಎಲ್ಲರಿಗೂ. ನನ್ನ ಶಿಖರ?

ನಾನು: ಫೌಲ್‌ಹಾರ್ನ್. 2681 ಮೀಟರ್. ತುದಿಯಲ್ಲೇ ಹಳೆಯ ಹೋಟೆಲ್ ಒಂದಿದೆ, 1830ರ ಹೊತ್ತಿನದು. ಆದರೆ ಎರಡು ಷರತ್ತು. ಟಿಕೆಟ್ ಜೂನ್ ಬದಲು ಜುಲೈ ಕೊನೆಗೆ ಹಾಕಿಸಬೇಕು, ಹಿಮ ಬಹುತೇಕ ಕರಗಿರುತ್ತದೆ. ಬೆಳಿಗ್ಗೆ ಫರ್ಸ್ಟ್‌ಗೆ ಹೋಗುವ ಮೊದಲ ಕೇಬಲ್ ಕಾರ್‌ನಲ್ಲೇ ಹೊರಡಬೇಕು, ಹನ್ನೆರಡಕ್ಕೆ ಎಲ್ಲಿದ್ದರೂ ತಿರುಗಬೇಕು, ತುದಿ ಕಾಣುತ್ತಿದ್ದರೂ.

ಭಾವ: ನಾನೂ ಬರುತ್ತೇನೆ. ಆ ದಾರಿ ಬಾಕಿ ಇದೆ.

ಅಕ್ಕ: ನಾನೂ. ಈ ಸಲ ನನ್ನ ಕಣ್ಣೆದುರಿಗೇ ಇರಿ.

ಚಿಕ್ಕಪ್ಪ: ಜುಲೈ ಆದರೆ ರಜೆ ಮತ್ತೆ ಕೇಳಬೇಕು. ಕೇಳುತ್ತೇನೆ. ವಿಡಿಯೊ ಪಿನ್‌ನಿಂದ ತೆಗೆದಿದ್ದೇನೆ, ಆ ಮಾನ್‌ಲಿಖನ್ ದಾರಿಯ ಮ್ಯಾಪ್ ಹಾಕು.

ಚಿಕ್ಕಮ್ಮ: ಶೂ ಈಗಲೇ ತೆಗೆದುಕೊಳ್ಳೋಣವಾ? ಹೊಸ ಶೂ ಅಲ್ಲಿ ಹೋಗಿ ಕಚ್ಚಿದರೆ ಕಷ್ಟ.

ನಾನು: ಈ ವಾರವೇ ತೆಗೆದುಕೊಳ್ಳಿ ಚಿಕ್ಕಮ್ಮ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ, ಬೆರಳಿನ ಮುಂದೆ ಸ್ವಲ್ಪ ಜಾಗ ಇರಲಿ. ದಿನಾ ಅದರಲ್ಲೇ ಅರ್ಧ ಗಂಟೆ ನಡೆಯಿರಿ.