ಕರೆ ಹೋಗುತ್ತದೆ, ‘1 ಒತ್ತಿ’ ಅಂದಾಗ ಒತ್ತಿದ್ದು ಮಾತ್ರ ತಲುಪುವುದಿಲ್ಲ

ಪ್ರಶ್ನೆ:
ಹಳೆಯ ಬಟನ್ ಫೋನನ್ನು ಅಡಾಪ್ಟರ್ ಮೂಲಕ ಇಂಟರ್‌ನೆಟ್ ಲೈನಿಗೆ ಹಾಕಿದ್ದೇನೆ. ಡಯಲ್ ಟೋನ್ ಬರುತ್ತದೆ, ನಂಬರ್ ಒತ್ತಿದರೆ ಕರೆ ಹೋಗುತ್ತದೆ, ಮಾತೂ ಸ್ಪಷ್ಟವಾಗಿದೆ. ಆದರೆ ಕಸ್ಟಮರ್ ಕೇರ್‌ಗೆ ಮಾಡಿದಾಗ ‘1 ಒತ್ತಿ’ ಅನ್ನುತ್ತದಲ್ವಾ, ಒತ್ತಿದರೆ ಏನೂ ಆಗುವುದಿಲ್ಲ. ಬಟನ್ ಹೋಗಿದೆಯಾ? ಬೇರೆ ಫೋನ್ ಹಾಕಿದರೂ ಹೀಗೇ.

ಉತ್ತರ:
ಬಟನ್ ಚೆನ್ನಾಗೇ ಇದೆ, ಸುಮ್ನೆ ಫೋನ್ ಬಿಚ್ಚಬೇಡಿ. ನಂಬರ್ ಒತ್ತುವಾಗ ಆ ಸದ್ದನ್ನು ಕೇಳಿಸಿಕೊಳ್ಳುವುದು ನಿಮ್ಮ ಪಕ್ಕದ ಅಡಾಪ್ಟರ್. ಅದು ಅಂಕಿಗಳನ್ನು ಗುರುತಿಸಿ, ಎಸ್‌ಐಪಿ (ಇಂಟರ್‌ನೆಟ್‌ನಲ್ಲಿ ಕರೆ ಜೋಡಿಸುವ ಪದ್ಧತಿ) ಸಂದೇಶದಲ್ಲಿ ಬರೆದು ಕಳಿಸುತ್ತದೆ. ಕರೆ ಸಿಕ್ಕ ಮೇಲೆ ಒತ್ತಿದ್ದು ಮಾತಿನ ಜೊತೆಗೇ ಆ ತುದಿಯವರೆಗೆ ಹೋಗಬೇಕು. ನಿಮ್ಮದು ಎಡವುತ್ತಿರುವುದು ಅಲ್ಲೇ.

1 ಒತ್ತಿದರೆ 697 ಮತ್ತು 1209 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ. ನಿಮ್ಮ ಕೊಡೆಕ್, ಅಂದರೆ ದನಿಯನ್ನು ಡಿಜಿಟಲ್ ಮಾಡಿ ಕಳಿಸುವ ವಿಧಾನ, ಜಿ.729 ಇರಬೇಕು. ಅದು ಮಾತನ್ನು ಸೆಕೆಂಡಿಗೆ 8 ಕಿಲೋಬಿಟ್‌ಗೆ ಹಿಂಡುತ್ತದೆ, ಮನುಷ್ಯರ ದನಿಗೆಂದೇ ಮಾಡಿದ್ದು. ಈ ಜೋಡಿ ಸ್ವರ ಅದರಲ್ಲಿ ಕೆಡುತ್ತದೆ. ನಮ್ಮ ಕಿವಿಗೆ ‘ಪೀಂ’ ಅಂತಲೇ ಕೇಳಿಸಿದರೂ ಆ ಕಡೆಯ ಯಂತ್ರಕ್ಕೆ ಗುರುತು ಸಿಗುವುದಿಲ್ಲ.

ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ‘ಡಿಟಿಎಂಎಫ್’ ಅಂತ ಇರುತ್ತದೆ, ಈ ಜೋಡಿ ಸ್ವರದ ಹೆಸರೇ ಅದು. ‘ಇನ್‌ಬ್ಯಾಂಡ್’ (ಮಾತಿನ ಜೊತೆ ಸದ್ದಾಗಿಯೇ ಕಳಿಸುವುದು) ತೆಗೆದು ‘ಆರ್‌ಎಫ್‌ಸಿ 2833’ ಹಾಕಿ. ಕೆಲವದರಲ್ಲಿ 4733 ಅಂತ ಇರಬಹುದು, ಅದು ಇದರದೇ ಹೊಸ ರೂಪ. ಆಗ ಸದ್ದಿನ ಬದಲು ‘ಇದು 1, ಇಷ್ಟು ಹೊತ್ತು ಒತ್ತಿದ್ದಾರೆ’ ಅನ್ನುವ ಪ್ಯಾಕೆಟ್ ಹೋಗುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಕೊಡೆಕ್ಕನ್ನು ಜಿ.711 ಮಾಡಿ, ಅದು ಸದ್ದನ್ನು ಅಷ್ಟು ಹಿಂಡುವುದಿಲ್ಲ.

ಇದೇ ತೊಂದರೆಯ ದೊಡ್ಡಣ್ಣ ಹಿಂದೆ ಎಕ್ಸ್‌ಚೇಂಜ್‌ಗಳ ನಡುವೆಯೂ ಇತ್ತು. ಅಮೆರಿಕದಲ್ಲಿ ಎಕ್ಸ್‌ಚೇಂಜ್‌ಗಳನ್ನು ಜೋಡಿಸುವ ಟ್ರಂಕ್ ಲೈನ್ ಖಾಲಿ ಇದೆ ಅನ್ನುವ ಸೂಚನೆ 2600 ಹರ್ಟ್ಸ್ ಸ್ವರವಾಗಿ ಮಾತಿನ ದಾರಿಯಲ್ಲೇ ಓಡುತ್ತಿತ್ತು. ಅದೇ ಸ್ವರ ಊದಿ ಪುಕ್ಕಟೆ ಕರೆ ಮಾಡಿದವರಿದ್ದರು. ಎಸ್‌ಎಸ್7 ಅನ್ನುವ ಸೂಚನಾ ಪದ್ಧತಿ ಬಂದ ಮೇಲೆ ಸೂಚನೆಗೆ ಬೇರೆ ದಾರಿಯೇ ಆಯಿತು. ನನಗೆ ಈ ವಿಷಯ ಎಷ್ಟು ಸಲ ಓದಿದರೂ ಸಾಲದು.

ಪ್ರಶ್ನೆ ಕೇಳಿದವರು:
ಮೆನು ಈಗ ಕೇಳುತ್ತಿದೆ, ತುಂಬಾ ಥ್ಯಾಂಕ್ಸ್! ಆದರೆ ಕಾರ್ಡ್ ನಂಬರ್ ಒತ್ತಿದರೆ ಕೆಲವು ಅಂಕಿ ಎರಡೆರಡು ಸಲ ಬೀಳುತ್ತಿವೆ. 2833 ಸಿಗಲಿಲ್ಲ, ‘ಆಟೋ’ ಇಟ್ಟಿದ್ದೆ.

ಉತ್ತರ:
ಹಾಗಾದರೆ ಪ್ಯಾಕೆಟ್ಟೂ ಹೋಗುತ್ತಿದೆ, ಸದ್ದೂ ಹೋಗುತ್ತಿದೆ. ಆ ತುದಿ ಎರಡನ್ನೂ ಎಣಿಸುತ್ತಿದೆ. ‘ಅಡ್ವಾನ್ಸ್ಡ್’ ಪುಟದಲ್ಲಿ ಹುಡುಕಿ, ಅಲ್ಲಿ 2833 ‘ಆರ್‌ಟಿಪಿ ಈವೆಂಟ್’ ಅನ್ನುವ ಹೆಸರಲ್ಲಿ ಇರಬಹುದು. ಅದೊಂದನ್ನೇ ಆರಿಸಿ.

ಪ್ರಶ್ನೆ ಕೇಳಿದವರು:
ಸಿಕ್ಕಿತು. 16 ಅಂಕಿ ಒತ್ತಿದೆ, 16 ಮಾತ್ರ ತಲುಪಿದವು.