ಅಪ್‌ಡೇಟ್: ಹಳ್ಳದ ಬದಿಯ ಹಳದಿ ಹೂವಿನ ಬಳ್ಳಿ ಯಾವುದೆಂದು ಗೊತ್ತಾಯ್ತು

ನಮ್ಮ ತೋಟದ ಕೆಳಗಿನ ಹಳ್ಳದ ದಂಡೆ ಪೂರ್ತಿ ಹಬ್ಬಿದ ಹಳದಿ ಹೂವಿನ ಬಳ್ಳಿ ಯಾವುದು ಎಂದು ಇಲ್ಲಿ ಕೇಳಿದ್ದೆ, ಕೆಲವರು ಉತ್ತರ ಕೊಟ್ಟಿದ್ದರು. ಅದು ವೆಡೇಲಿಯಾ, ವೈಜ್ಞಾನಿಕ ಹೆಸರು ಸ್ಫ್ಯಾಗ್ನೆಟಿಕೋಲಾ ಟ್ರೈಲೋಬೇಟಾ. ನರ್ಸರಿಗಳಲ್ಲಿ ಹುಲ್ಲುಹಾಸಿನ ಬದಲು ನೆಲ ಮುಚ್ಚಲು ಮಾರುತ್ತಾರಲ್ವಾ, ಅದೇ.

ಗಿಡ ಗುರುತಿಸುವ ಮೊಬೈಲ್ ಆ್ಯಪ್ ಕೆಲಸಕ್ಕೆ ಬರಲಿಲ್ಲ. ಹೂವಿನ ಫೋಟೋ ಒಂದೊಂದಕ್ಕೂ ಬೇರೆ ಬೇರೆ ಹೆಸರು ಹೇಳಿತು. ಹಳದಿ ಹೂವಿನ ಗರುಗ (ಹಳದಿ ಭೃಂಗರಾಜ) ಎಂದವರ ಊಹೆ ಹತ್ತಿರದ್ದೇ, ಎರಡೂ ಒಂದೇ ಬಳಗ. ದಾರಿ ತೋರಿಸಿದ್ದು ಮಾತ್ರ "ಹೂವು ಬಿಡಿ, ಎಲೆ ನೋಡಿ" ಎಂದವರು. ಅವರಿಗೆ ತುಂಬಾ ಥ್ಯಾಂಕ್ಸ್! ಗರುಗದ ಎಲೆ ಉದ್ದಕ್ಕೆ, ಸಪೂರ. ಇದರ ಎಲೆ ಅಗಲ, ಹೊಳಪು ಜಾಸ್ತಿ, ಎರಡೂ ಪಕ್ಕ ಕಿವಿಯಂತೆ ಚಾಚಿಕೊಂಡಿರುತ್ತದೆ.

ನನಗೆ ಅಚ್ಚರಿಯಾಗಿದ್ದು ಇದು ಹರಡುವ ರೀತಿ. ಬೀಜದಿಂದ ಹುಟ್ಟುವುದು ಅಪರೂಪ. ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ, ತುಂಡು ಬಿದ್ದಲ್ಲೆಲ್ಲ ಹೊಸ ಗಿಡ. ಮೇಲಿನ ಕೈತೋಟಗಳ ಕಸ ಈ ಹಳ್ಳಕ್ಕೇ ಬೀಳುತ್ತದೆ, ಅಲ್ಲಿಂದಲೇ ಬಂದಿರಬೇಕು. ಅಮೆರಿಕ ಖಂಡದ ಬಿಸಿ ಸೀಮೆಯ ಈ ಗಿಡ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೂ ಇದೆ.

ಈಗ ಬುಡಸಮೇತ ಕಿತ್ತು, ಬಂಡೆ ಮೇಲೆ ಒಣಗಿಸಿ ಸುಡುತ್ತಿದ್ದೇವೆ. ನೀವು ಕಿತ್ತರೂ ದಯವಿಟ್ಟು ನೀರಿಗೆ ಎಸೆಯಬೇಡಿ.